ವಿಚಾರಣಾಧೀನ ಮಾಜಿ ಸೈನಿಕರ ನಡುವೆ: ನನ್ನ ಅನುಭವ

ಕಾನೂನು ನೆರವಿನ ಕೆಲಸಕ್ಕಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಹೋಗುವ ನಾನು ಹೊಸದಾಗಿ ಬಂದ ಪ್ರತಿಯೊಬ್ಬ ವಿಚಾರಣಾಧೀನ ಕೈದಿಯನ್ನೂ 'ಸೇನೆಯಲ್ಲಿ ಇದ್ದಿರಾ?' ಎಂದು ಕೇಳುತ್ತೇನೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಯೂನಿಟ್‌ನ ಮಾನ ಹೋಗುತ್ತದೆಂಬ ಸಂಕೋಚದ ಜೊತೆಗೆ ಪಿಂಚಣಿಗೆ ಕುತ್ತು ಬರುತ್ತದೆಂಬ ಭಯವೂ ಇರುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರ ಪಿಂಚಣಿಯನ್ನು ತಡೆಹಿಡಿಯಲು ನಿಯಮದಲ್ಲಿ ಅವಕಾಶವಿರುವುದರಿಂದ ಆ ಭಯ ಸುಳ್ಳಲ್ಲ. ಆದರೆ ಬಂಧನವೇ ಶಿಕ್ಷೆಯಲ್ಲ ಎಂಬುದನ್ನು ನಾನು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ನಾನು ಕಂಡವರಲ್ಲಿ ಬಹುಪಾಲು ಜನ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿ, ರಾತ್ರಿ ಪಾಳಿ, ನಿದ್ದೆಗೇಡು ಮತ್ತು ಕುಡಿತದ ಸುಳಿಗೆ ಸಿಕ್ಕವರು. ಜೈಲಿಗೆ ಬಂದೊಡನೆ ಆ ಕುಡಿತ ಏಕಾಏಕಿ ನಿಲ್ಲುತ್ತದೆ. ನಿವೃತ್ತ ಹವಾಲ್ದಾರರೊಬ್ಬರು ಮೂರನೆಯ ದಿನ ಬೆವರಿನಲ್ಲಿ ತೊಯ್ದು, ಕೈ ನಡುಗುತ್ತಿದ್ದರೂ ಅಂಗಿಯ ಗುಂಡಿಗಳನ್ನು ಹಾಕಿ ಬಿಚ್ಚಿ ಮತ್ತೆ ಹಾಕುತ್ತಾ, ಖಾಲಿ ಗೋಡೆಯತ್ತ ಕೂಗಾಡುತ್ತಿದ್ದರು. ಅದನ್ನು ಕೆಲವರು ಗಲಾಟೆಯೆಂದರು, ಕೆಲವರು ಯುದ್ಧದ ನೆನಪೆಂದರು. ವೈದ್ಯರು ನೋಡಿದಾಗ ಅದು ಕುಡಿತ ಬಿಟ್ಟ ಎರಡು-ಮೂರು ದಿನಗಳಲ್ಲಿ ಬರುವ ಸನ್ನಿ ಎಂದು ತಿಳಿಯಿತು. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದನ್ನು ಪ್ರಕರಣದ ವಿವರಕ್ಕಿಂತ ಮೊದಲೇ ಕೇಳಿ, ಅಂದೇ ಜೈಲಿನ ವೈದ್ಯಾಧಿಕಾರಿಗೆ ಬರೆದುಕೊಡುತ್ತೇನೆ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಅದು ಹೆಚ್ಚು ಕಷ್ಟವಿಲ್ಲ. ಕಷ್ಟವಿರುವುದು ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಹುಡುಕುವುದರಲ್ಲಿ. ಸೇವೆಯ ಅವಧಿ ಮತ್ತು ಬಿಡುಗಡೆಯ ಸಮಯದ ವೈದ್ಯಕೀಯ ಕೆಟಗರಿ (ಆರೋಗ್ಯದ ದರ್ಜೆ) ಅದರಲ್ಲಿರುವುದರಿಂದ ಮನೋವೈದ್ಯರಿಗೆ ಹಿನ್ನೆಲೆ ದೊರೆಯುತ್ತದೆ. ಪುಸ್ತಕ ಸಿಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಸೇನೆಯ ರೆಕಾರ್ಡ್ಸ್ ಕಚೇರಿಗೆ ಬರೆಯುತ್ತೇನೆ. ಕಾಯಿಲೆ ತೀವ್ರವಾಗಿದ್ದರೆ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 103ನೇ ಕಲಮನ್ನು ಉಲ್ಲೇಖಿಸಿ, ಕೈದಿಯನ್ನು ಆಸ್ಪತ್ರೆಗೆ ವರ್ಗಾಯಿಸುವಂತೆ ವಕೀಲರಿಂದ ಅರ್ಜಿ ಹಾಕಿಸುತ್ತೇನೆ.

ಅನೇಕ ವೇಳೆ ದೂರು ಕೊಟ್ಟವರು ಹೆಂಡತಿಯೇ ಆಗಿರುತ್ತಾರೆ, ಡಿಸ್ಚಾರ್ಜ್ ಬುಕ್ ಇರುವುದೂ ಅವರ ಬೀರುವಿನಲ್ಲೇ. ಅದನ್ನು ಕೇಳಲು ಹೋದಾಗ ರಾಜಿಯ ಮಾತನ್ನು ನಾನು ಎತ್ತುವುದಿಲ್ಲ. ಗಂಡನ ಕಾಯಿಲೆ ನಿಜ, ಆಕೆ ತಿಂದ ಪೆಟ್ಟೂ ನಿಜ. ಜಾಮೀನು ಅರ್ಜಿಯಲ್ಲಿ ಆತ ಉಳಿಯಲು ಬೇರೆ ವಿಳಾಸ ತೋರಿಸಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲೋ ನಿಮ್ಹಾನ್ಸ್‌ನಲ್ಲೋ ಚಿಕಿತ್ಸೆ ಮುಂದುವರಿಸುವುದನ್ನು ಷರತ್ತಾಗಿ ಸೇರಿಸಲು ವಕೀಲರಿಗೆ ಹೇಳುತ್ತೇನೆ. ಗಾರ್ಡ್ ಕೆಲಸಕ್ಕಾಗಿ ಪಡೆದ ಪರವಾನಗಿಯ ಬಂದೂಕು ಮನೆಯಲ್ಲಿದ್ದರೆ, ಆತ ಹೊರಬರುವ ಮುನ್ನವೇ ಅದನ್ನು ಠಾಣೆಯಲ್ಲಿ ಠೇವಣಿ ಇಡಿಸುತ್ತೇನೆ, ಆಕೆಯ ಜೀವಕ್ಕಾಗಿ ಎಷ್ಟೋ ಆತನ ಜೀವಕ್ಕಾಗಿಯೂ ಅಷ್ಟೇ.