ಜಿಗಿಯುವ ಜೀನ್‌ಗಳ ಪಾಠ ಮಾಡುವ ಬಗೆ

ಶಿರಸಿ, ಕಾರವಾರ ಕಡೆಯ ಪಿಯು ಕಾಲೇಜುಗಳಲ್ಲಿ ಮಿದುಳಿನ ಕಾಯಿಲೆಗೂ ಜಿಗಿಯುವ ಜೀನ್‌ಗಳಿಗೂ (ಜಾಗ ಬದಲಿಸಬಲ್ಲ ಡಿಎನ್‌ಎ ತುಣುಕುಗಳಿಗೂ) ಇರುವ ನಂಟನ್ನು ವಿವರಿಸಬೇಕಾದಾಗ, ಮುಂಡಗೋಡ ಕಡೆಯ ಮೆಕ್ಕೆಜೋಳದ ತೆನೆಯೊಂದನ್ನು ಮೇಜಿನ ಮೇಲಿಟ್ಟು ಆರಂಭಿಸಿರಿ. ಅದರ ಕಾಳೆಲ್ಲ ಒಂದೇ ಹಳದಿಯಾಗಿರುವುದರಿಂದ ಚುಕ್ಕೆ ಬಿದ್ದ ತೆನೆಯ ಚಿತ್ರವೂ ಪಕ್ಕದಲ್ಲಿರಲಿ. ಆ ಚುಕ್ಕೆಗಳಿಗೆ ಕಾರಣ ಡಿಎನ್‌ಎ ತುಣುಕುಗಳ ಸ್ಥಾನಪಲ್ಲಟವೆಂದು ಕಂಡುಕೊಂಡ ಬಾರ್ಬರಾ ಮ್ಯಾಕ್‌ಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು.

ನಮ್ಮ ಜೀನೋಮಿನ, ಅಂದರೆ ಜೀವಕೋಶದ ಒಟ್ಟು ಡಿಎನ್‌ಎಯ, ಸುಮಾರು ಶೇ. 45ರಷ್ಟು ಭಾಗ ಇಂಥ ತುಣುಕುಗಳಿಂದಲೇ ಬಂದದ್ದು. ಬಹುಪಾಲು ಈಗ ಜಡ. ಲೈನ್-1 ಎಂಬ ಗುಂಪಿನ ಕೆಲವು ಮಾತ್ರ ಸ್ವತಂತ್ರವಾಗಿ ಆರ್‌ಎನ್‌ಎ ಪ್ರತಿ ತೆಗೆದು, ಅದನ್ನು ಮತ್ತೆ ಡಿಎನ್‌ಎ ಆಗಿಸಿ ಹೊಸ ಜಾಗದಲ್ಲಿ ಸೇರಿಸಬಲ್ಲವು.

ಕಾಯಿಲೆಯ ಉದಾಹರಣೆಗಳನ್ನು ಆರಿಸುವಾಗ ಅವಸರ ಬೇಡ. ನನ್ನ ಮಟ್ಟಿಗೆ ಅತ್ಯಂತ ಸ್ಪಷ್ಟವಾದದ್ದು, ಫಿಲಿಪ್ಪೀನ್ಸಿನ ಪನಾಯ್ ದ್ವೀಪ ಮೂಲದ ಕುಟುಂಬಗಳಲ್ಲಿ ಕಾಣುವ, ಸ್ನಾಯುಗಳು ತಾವಾಗಿ ತಿರುಚಿಕೊಂಡು ಮುಂದೆ ಪಾರ್ಕಿನ್ಸನ್ ಲಕ್ಷಣ ತೋರುವ ರೋಗ. ಅಲ್ಲಿ ಎಕ್ಸ್ ಕ್ರೋಮೋಸೋಮಿನ ಟಿಎಎಫ್1 ಜೀನ್‌ನೊಳಗೆ ಎಸ್‌ವಿಎ ಎಂಬ ಜಿಗಿಯುವ ತುಣುಕು ಹೊಕ್ಕಿದೆ. ಮಿದುಳಿನ ಬೆಳವಣಿಗೆಯನ್ನು ಕೆಡಿಸುವ ರೆಟ್ ಸಿಂಡ್ರೋಮ್‌ನಲ್ಲಿ ಹಾಗಲ್ಲ: ಎಂಇಸಿಪಿ2 ಜೀನ್ ಕೆಟ್ಟಾಗ ಲೈನ್-1ರ ಮೇಲಿನ ಹಿಡಿತ ಸಡಿಲವಾಗಿ ಜಿಗಿತ ಹೆಚ್ಚುತ್ತದೆಯಾದರೂ, ಕಾಯಿಲೆಗೆ ಮೂಲ ಆ ಜೀನಿನ ದೋಷವೇ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಂದಲೇ ಕಪ್ಪುಹಲಗೆಯ ಮೇಲೆ ಬಾಣಗಳಲ್ಲಿ ಬರೆಯಿಸಿರಿ. ಆಲ್ಝೈಮರ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಕಂಡಿರುವುದು ನಂಟು, ಅದೇ ಕಾರಣವೆಂದು ಸಾಬೀತಾಗಿಲ್ಲ ಎಂದಷ್ಟೇ ಹೇಳಿರಿ.