ಪಾಲಿಅನಿಲಿನ್: ಒಂದು ಪ್ರೋಟಾನ್, ಒಂದು ಮೀಥೈಲ್ ಮತ್ತು ವಾಹಕತೆ

ಅಣುರಚನೆ ಚೂರು ಬದಲಾದರೆ ವಿದ್ಯುತ್ ವಾಹಕತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲು, ಅನಿಲಿನ್ ಅಣುಗಳು ಸರಪಳಿಯಾಗಿ ಬೆಸೆದ ಪಾಲಿಮರ್ ಆದ ಪಾಲಿಅನಿಲಿನ್‌ಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ನಾನು ಬಳಸುವುದು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಐಯುಪಿಎಸಿ 2002ರಲ್ಲಿ ಪ್ರಕಟಿಸಿದ ವಿಧಾನ.

2.59 ಗ್ರಾಂ ಅನಿಲಿನ್ ಹೈಡ್ರೋಕ್ಲೋರೈಡ್ 50 ಮಿ.ಲೀ. ನೀರಿಗೆ, 5.71 ಗ್ರಾಂ ಅಮೋನಿಯಂ ಪರ್‌ಸಲ್ಫೇಟ್ ಇನ್ನೊಂದು 50 ಮಿ.ಲೀ.ಗೆ. ಎರಡನ್ನೂ ಬೆರೆಸಿ, ಸ್ವಲ್ಪ ಕಲಕಿ, ರಾತ್ರಿಯಿಡೀ ಹಾಗೇ ಬಿಡಬೇಕು. ದ್ರಾವಣ ಮೊದಲು ನೀಲಿಯಾಗಿ, ಬಿಸಿಯೇರಿ, ಆಮೇಲೆ ಹಸಿರಾಗುತ್ತದೆ. ಪರ್‌ಸಲ್ಫೇಟ್ ಅಳತೆ ಮೀರಿದರೆ ಸರಪಳಿ ಅತಿಯಾಗಿ ಉತ್ಕರ್ಷಣಗೊಂಡು ಕೆಡುತ್ತದೆ. ಆಮ್ಲವಿಲ್ಲದ ನೀರಿಗೆ ಬರೀ ಅನಿಲಿನ್ ಹಾಕಿ ಶುರುಮಾಡಿದರೆ ಇನ್ನೊಂದು ತೊಂದರೆ: ಉಂಗುರಗಳು ಪ್ಯಾರಾ ಸ್ಥಾನದಲ್ಲೇ (ಎದುರುಬದುರು ತುದಿಗಳಲ್ಲಿ) ಜೋಡಿಸಿಕೊಳ್ಳದೆ ಅಡ್ಡಾದಿಡ್ಡಿಯಾಗಿ ಬೆಸೆದು, ವಾಹಕತೆಯಿಲ್ಲದ ಕಂದು ಪುಡಿ ಕೂರುತ್ತದೆ.

ಸೋಸಿದ ಪುಡಿಯನ್ನು 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ಅಸಿಟೋನ್‌ನಲ್ಲಿ ತೊಳೆದು, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿರ್ವಾತದಲ್ಲಿ ಒಣಗಿಸುತ್ತೇನೆ. ಬರೀ ನೀರಿನಲ್ಲಿ ತೊಳೆಯುವವರೂ ಇದ್ದಾರೆ. ಆಮ್ಲ ಹರಿದುಹೋಗಿ ವಾಹಕತೆ ಇಳಿಯುವುದು ಅಲ್ಲೇ. 13 ಮಿ.ಮೀ. ಅಚ್ಚಿನಲ್ಲಿ 10 ಟನ್ ಒತ್ತಿ ಬಿಲ್ಲೆ ಮಾಡಿ, ನಾಲ್ಕು ಮೊನೆಗಳ ಪ್ರೋಬ್‌ನಿಂದ ಅಳೆಯಬೇಕು. ಎರಡೇ ಮೊನೆಯಾದರೆ ಸಂಪರ್ಕದ ರೋಧವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ವಿಧಾನಕ್ಕೆ ವರದಿಯಾದ ಸರಾಸರಿ, ಸೆಂಟಿಮೀಟರಿಗೆ 4.4 ಸೀಮೆನ್ಸ್.

ಈಗ ಅದೇ ಪುಡಿಯ ಅರ್ಧವನ್ನು 1 ಮೋಲಾರ್ ಅಮೋನಿಯಾದಲ್ಲಿ ಕೆಲವು ಗಂಟೆ ಕಲಕಿ. ನೀಲಿಯಾಗುತ್ತದೆ, ವಾಹಕತೆ ಸೆಂಟಿಮೀಟರಿಗೆ 10⁻⁹ ಸೀಮೆನ್ಸ್ ಆಸುಪಾಸಿಗೆ ಕುಸಿಯುತ್ತದೆ. ಸರಪಳಿ ಒಂದೆಡೆಯೂ ತುಂಡಾಗಿಲ್ಲ, ಎಲೆಕ್ಟ್ರಾನುಗಳ ಸಂಖ್ಯೆಯೂ ಅದೇ. ಇಮೈನ್ ಸಾರಜನಕದ (ಉಂಗುರಕ್ಕೆ ದ್ವಿಬಂಧದಿಂದ ಸೇರುವ ಸಾರಜನಕ) ಮೇಲಿನ ಪ್ರೋಟಾನ್ ಹೋಯಿತು, ಅಷ್ಟೇ. ಪ್ರೋಟಾನ್ ಇದ್ದಾಗ ಕ್ವಿನಾಯ್ಡ್ ಉಂಗುರ (ಎರಡು ತುದಿಗಳಲ್ಲೂ ಇಂಥ ದ್ವಿಬಂಧವಿರುವ ಉಂಗುರ) ಬೆಂಜೀನ್ ಉಂಗುರವಾಗಿ, ಸಾರಜನಕಗಳ ಮೇಲೆ ಉಳಿಯುವ ಧನಾವೇಶ ಸರಪಳಿಯುದ್ದಕ್ಕೂ ಚಲಿಸಬಲ್ಲದು. ಆಮ್ಲದಲ್ಲಿ ಅದ್ದಿದರೆ ಹಸಿರು ಮರಳಿ ಬರುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಮೀಥೈಲ್ ಪರೀಕ್ಷೆಗೆ ಅನಿಲಿನ್ ಲವಣದ ಬದಲು 2.87 ಗ್ರಾಂ ಆರ್ಥೋ-ಟೊಲುಯಿಡೀನ್ ಹೈಡ್ರೋಕ್ಲೋರೈಡ್ (ಉಂಗುರದ ಮೇಲೆ ಒಂದು ಮೀಥೈಲ್ ಗುಂಪು ಹೆಚ್ಚಿಗೆ ಇರುವ ಅನಿಲಿನ್‌ನ ಲವಣ); ಉಳಿದುದೆಲ್ಲ ಹಾಗೆಯೇ. ಇದು ಕ್ಯಾನ್ಸರ್‌ಕಾರಕ, ಕೈಗವಸು ಹಾಕಿ ಫ್ಯೂಮ್ ಹುಡ್‌ನಲ್ಲೇ ಕೆಲಸ ಮಾಡಿ. ವಾಹಕತೆ ಹತ್ತು ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಮೀಥೈಲ್ ಪಕ್ಕದ ಉಂಗುರವನ್ನು ತಳ್ಳಿ ಸಮತಲದಿಂದ ತಿರುಚುವುದರಿಂದ ಎಲೆಕ್ಟ್ರಾನುಗಳು ಸರಿದಾಡುವ ಪೈ ಕಕ್ಷೆಗಳ ಹೊಂದಿಕೆ ಸಡಿಲವಾಗುತ್ತದೆ. ಎನ್‌ಎಂಪಿ (ಎನ್-ಮೀಥೈಲ್ ಪಿರೋಲಿಡೋನ್ ಎಂಬ ದ್ರಾವಕ) ದ್ರಾವಣದಲ್ಲಿ ನೀಲಿ ರೂಪದ ಶೋಷಣಾ ಶಿಖರ 630 ನ್ಯಾನೋಮೀಟರ್ ಸುತ್ತಲಿಂದ 600ರ ಕಡೆಗೆ ಸರಿಯುವುದು ಇದಕ್ಕೆ ಸಾಕ್ಷಿ. ಆದರೆ ಅದೇ ತಿರುಚಿನಿಂದ ಸರಪಳಿಗಳು ಒತ್ತಾಗಿ ಕೂರದೆ, ಪಾಲಿಮರ್ ದ್ರಾವಕಗಳಲ್ಲಿ ಸುಲಭವಾಗಿ ಕರಗುತ್ತದೆ; ತೆಳುಪದರ ಎಳೆಯುವವರು ವಾಹಕತೆ ಬಿಟ್ಟುಕೊಟ್ಟು ಇದನ್ನೇ ಆರಿಸುವುದುಂಟು.