ಎಪ್ಪತ್ತೋ ಎಂಬತ್ತೋ: ಕಿವಿ ಮಂದವಾದ ಮೇಲೆ ಮಾತುಕತೆ

ನನ್ನ ಎರಡೂ ಕಿವಿ ಮಂದ. ಎರಡಕ್ಕೂ ಕಿವಿ ಹಿಂದೆ ಕೂರುವ ಮಿಷನ್ ಹಾಕುತ್ತೇನೆ. ಮಿಷನ್ ಬಂತು, ಇನ್ನು ಎಲ್ಲ ಸರಿಹೋಯಿತು ಅಂತ ಮನೆಮಂದಿ ಅಂದುಕೊಳ್ಳುತ್ತಾರೆ. ಅದು ಸದ್ದನ್ನು ದೊಡ್ಡದು ಮಾಡಿಕೊಡುತ್ತದೆ, ಮಾತನ್ನು ಬಿಡಿಸಿಕೊಳ್ಳುವ ಕೆಲಸ ನಮಗೇ ಉಳಿಯುತ್ತದೆ. ಆ ಕೆಲಸದ ಮುಕ್ಕಾಲು ಪಾಲು ಮಾತು ಶುರುವಾಗುವ ಮೊದಲೇ, ಎಲ್ಲಿ ಕೂತೆವು ಎನ್ನುವುದರಲ್ಲೇ ತೀರ್ಮಾನವಾಗಿರುತ್ತದೆ.

ವಯಸ್ಸಿನಿಂದಲೋ ಯಂತ್ರದ ಸದ್ದಿನಿಂದಲೋ ಕಿವಿ ಕೆಟ್ಟಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದು, ಅಂದರೆ 2000 ಹರ್ಟ್ಸ್‌ನಿಂದ ಮೇಲಿನದು. ಅ, ಉ, ಓ ಮೊದಲಾದ ಸ್ವರಗಳ ಬಲವೆಲ್ಲ ಅದಕ್ಕಿಂತ ಕೆಳಗಿದೆ. ಸ, ಶ, ಚ, ತ, ಕ ಇವನ್ನು ಒಂದರಿಂದೊಂದು ಬೇರೆ ಮಾಡುವ ಸದ್ದು ಬಹುಪಾಲು ಮೇಲಿದೆ. ಅದಕ್ಕೇ ನಮ್ಮಂಥವರು "ಕೇಳ್ತದೆ, ಏನು ಅಂತ ಗೊತ್ತಾಗೋದಿಲ್ಲ" ಅನ್ನುವುದು. ಎದುರಿನವರು ಕೂಗಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅಷ್ಟು ಉಬ್ಬುವುದಿಲ್ಲ. ಬಾಯಿ ಅಗಲವಾಗಿ ತುಟಿಯ ಆಕಾರವೂ ಕೆಡುತ್ತದೆ. ಒಳಕಿವಿ ಸೋತವರಿಗೆ ಜೋರು ಸದ್ದು ಬೇಗ ಕಿರಿಕಿರಿಯಾಗುತ್ತದೆ ಬೇರೆ. ಹಾಗಾಗಿ ಯಾರು ಬಂದರೂ ನಾನು ಮೊದಲು ಹೇಳಿಬಿಡುವುದು ಇಷ್ಟು: "ಜೋರು ಬೇಡ, ಒಂಚೂರು ನಿಧಾನ ಹೇಳಿ, ಮುಖ ಈ ಕಡೆ ಇರ್ಲಿ." "ನಂಗೆ ಕಿವಿ ಕೇಳೋದಿಲ್ಲ" ಅಂತ ಅಷ್ಟಕ್ಕೇ ನಿಲ್ಲಿಸಿದರೆ ಜನ ಕಿರುಚುತ್ತಾರೆ, ಇಲ್ಲವೇ ನನ್ನನ್ನು ಬಿಟ್ಟು ಪಕ್ಕದವರ ಹತ್ತಿರ ಮಾತಾಡಲು ಶುರುಮಾಡುತ್ತಾರೆ.

ಮಲೆನಾಡಿನ ಜಗಲಿಗೆ ಬೆಳಕು ಬರುವುದು ಒಂದೇ ಕಡೆಯಿಂದ, ಅಂಗಳದಿಂದ. ಬಂದವರು ಅಂಗಳಕ್ಕೆ ಬೆನ್ನು ಮಾಡಿ ಕೂತರೆ ಅವರ ಮುಖ ಬರೀ ಕಪ್ಪು, ತುಟಿ ಕಾಣುವುದಿಲ್ಲ. ಅದಕ್ಕೆ ಅಂಗಳಕ್ಕೆ ಬೆನ್ನು ಹಾಕುವ ಜಾಗ ನನ್ನದು. ಬೆಳಕು ಅವರ ಮುಖಕ್ಕೆ ಬೀಳುತ್ತದೆ. ನಡುವಿನ ದೂರ ಒಂದು ಮೀಟರ್ ಇದ್ದರೆ ಸಾಕು. ಬಯಲಲ್ಲಿ ದೂರ ಇಮ್ಮಡಿಯಾದಾಗೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮನೆಯೊಳಗೆ ಗೋಡೆಗೆ ಬಡಿದ ಸದ್ದೂ ಬಂದು ಮಾತಿನ ಮೇಲೆ ಬೀಳುತ್ತದೆ. ಅಡುಗೆಮನೆಯಿಂದ ಕೂಗಿ ಹೇಳಿದ್ದನ್ನು ಯಾವ ಮಿಷನ್ನೂ ಬಿಡಿಸಿಕೊಡುವುದಿಲ್ಲ. ಬೇರೆ ಕೋಣೆಯಿಂದ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ಮನೆಯಲ್ಲಿ ಕಟ್ಟಳೆ ಮಾಡಿಕೊಂಡಿದ್ದೇವೆ.

ಮಳೆಗಾಲದಲ್ಲಿ ಜಗಲಿಯ ಆಸೆ ಬಿಡಬೇಕು. ಮುಂದೆ ಇಳಿಸಿದ ತಗಡಿನ ಮೇಲೆ ಮಳೆ ಹೊಡೆಯುವಾಗ ಮಿಷನ್ ಆ ಮಳೆಯನ್ನೂ ದೊಡ್ಡದು ಮಾಡುತ್ತದೆ. ಹಂಚಿನ ಮಾಡು ವಾಸಿ, ಮುಚ್ಚಿಗೆ ಇರುವ ಒಳಕೋಣೆ ಎಲ್ಲಕ್ಕಿಂತ ಮೇಲು. ಅಲ್ಲಿ ಹಗಲೂ ಕತ್ತಲೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಚಾರ್ಜಿನ ದೀಪ ನನ್ನ ಹಿಂದೆ, ಮಾತಾಡುವವರ ಮುಖದ ಕಡೆಗೆ ಇಟ್ಟುಕೊಳ್ಳುತ್ತೇನೆ.

ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುವುದು ಸಿನಿಮಾದಲ್ಲಿ ಮಾತ್ರ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಪರಿ, ಬರಿ, ಮರಿ ಕಣ್ಣಿಗೆ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಆದರೂ ಕಿವಿ ಸೋತಲ್ಲಿ ಕಣ್ಣು ಗೆಲ್ಲುವುದುಂಟು. ಮೂರು, ನೂರು ನನ್ನ ಕಿವಿಗೆ ಒಂದೇ ಥರ. ತುಟಿ ಮುಚ್ಚಿ ತೆರೆದರೆ ಮೂರು, ಇಲ್ಲದಿದ್ದರೆ ನೂರು. ಕಣ್ಣು, ಕಿವಿ ಎರಡೂ ಕೈಕೊಡುವುದು ಎಪ್ಪತ್ತು, ಎಂಬತ್ತರ ಹತ್ತಿರ. ತುಟಿಯಲ್ಲಿ ಒಂದೇ, ಕಿವಿಗೂ ಅಕ್ಕಪಕ್ಕ. ಅಡಿಕೆ ಮಂಡಿಯಲ್ಲಿ ಬೆಟ್ಟೆ ಅನ್ನುವ ಜಾತಿಯ ಅಡಿಕೆಗೆ ಇವತ್ತು ಕ್ವಿಂಟಾಲಿಗೆ ಎಷ್ಟು ಅಂತ ಕೇಳುವಾಗ ಈ ಗೊಂದಲಕ್ಕೆ ಬೆಲೆ ಇದೆ. "ಎಷ್ಟಂದ್ರಿ?" ಅಂತ ಮತ್ತೆ ಕೇಳಿದರೆ ಮತ್ತೆ ಬರುವುದು ಅದೇ ಪದ. "ಮೊದಲನೇ ಅಂಕಿ ಏಳೋ, ಎಂಟೋ?" ಅಂತ ಕೇಳಬೇಕು. ಏಳು ಎಳೆದುಕೊಂಡು ಬರುತ್ತದೆ, ಎಂಟು ತುಂಡಾಗಿ ಮುಗಿಯುತ್ತದೆ, ಕಿವಿಗೆ ಸಿಗುತ್ತದೆ. ದುಡ್ಡಿನ ವಿಷಯಕ್ಕೆ ಅಷ್ಟೂ ಸಾಲದು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ಅವರ ಮುಂದೆ ಹಿಡಿಯುತ್ತೇನೆ.

ಬಾಯಿ ತುಂಬ ಕವಳ, ಅಂದರೆ ಎಲೆಅಡಿಕೆ, ಇರುವವರ ಹತ್ತಿರ ತುಟಿಯ ಲೆಕ್ಕವೇ ಇಲ್ಲ. ರಸ ಚೆಲ್ಲಬಾರದು ಅಂತ ತುಟಿ ಬಿಗಿದು, ಗದ್ದ ಮೇಲೆತ್ತಿ ಮಾತಾಡುತ್ತಾರೆ. ಉಗುಳಿ ಬರುವವರೆಗೆ ಕಾಯುವುದೇ ದಾರಿ. ನಮ್ಮ ಕಡೆ ಇದೇನು ಸಣ್ಣ ತೊಂದರೆಯಲ್ಲ.

ಮಾತು ತಪ್ಪಿದಾಗ "ಆಂ?" ಅನ್ನುವ ಅಭ್ಯಾಸ ಬಿಡುವುದೇ ಎಲ್ಲಕ್ಕಿಂತ ಕಷ್ಟದ್ದು. "ಆಂ?" ಅಂದರೆ ಪಾಪ ಅವರು ಇಡೀ ವಾಕ್ಯ ಮತ್ತೆ ಹೇಳಬೇಕು, ಬಿದ್ದುಹೋದ ಪದ ಮತ್ತೆ ಅಲ್ಲೇ ಬಿದ್ದುಹೋಗುತ್ತದೆ. ಅದರ ಬದಲು ಸಿಕ್ಕಿದ್ದನ್ನು ನಾನೇ ಹೇಳಿ ತಪ್ಪಿದ್ದನ್ನಷ್ಟೇ ಕೇಳುತ್ತೇನೆ: "ಭಾವ, ಸೋಮವಾರ ಸಾಗರ ಪೇಟೆಗೆ ಹೋಗೋದು ಅಂದ್ರಿ. ಯಾರ ಜೊತೆ?" ಆಗ ಅವರು ಹೇಳಬೇಕಾದ್ದು ಒಂದೇ ಹೆಸರು, ನಾನು ಕಾಯುವುದೂ ಒಂದೇ ಹೆಸರಿಗೆ. ಎರಡನೇ ಸಲವೂ ಸಿಗದಿದ್ದರೆ ಬೇರೆ ಥರ ಹೇಳಿ ಅನ್ನುತ್ತೇನೆ. "ಕೊಯ್ಲು" ಹಿಡಿಯದ ಕಿವಿಗೆ "ಅಡಿಕೆ ಗೊನೆ ಇಳಿಸೋದು" ಥಟ್ಟನೆ ಸಿಗಬಹುದು, ಉದ್ದದ ಮಾತಿನಲ್ಲಿ ಹಿಡಿದುಕೊಳ್ಳಲು ಎಡೆ ಜಾಸ್ತಿ. ಮೂರನೇ ಸಲಕ್ಕೆ ಬರೆಸುತ್ತೇನೆ. ಗೊತ್ತಾದವರ ಹಾಗೆ ತಲೆಯಾಡಿಸಿ ನಗುವುದು ಮಾತ್ರ ಬೇಡವೇ ಬೇಡ. ಸಾವಿನ ಸುದ್ದಿಗೂ ನಕ್ಕುಬಿಡುವ ಅಪಾಯವಿದೆ.

ನಾಲ್ಕು ಜನ ಸೇರಿದಲ್ಲಿ ಮಾತು ತಪ್ಪುವುದು ಹೆಚ್ಚಾಗಿ ವಿಷಯ ಬದಲಾಗುವ ಹೊತ್ತಿಗೆ. ಅಡಿಕೆಯ ಕೊಳೆರೋಗದ ಮಾತು ನಡೆಯುತ್ತಿದೆ ಅಂದುಕೊಂಡು ಕೂತವನಿಗೆ ಮದುವೆಯ ಮಾತು ಒಂದಕ್ಷರವೂ ಹೊಂದುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಒಂದೇ ಕೆಲಸ ಹೇಳಿರುತ್ತೇನೆ: ವಿಷಯ ಬದಲಾದಾಗ ಮೊಣಕೈ ಮುಟ್ಟಿ "ಮದುವೆ" ಅಂದರೆ ಸಾಕು. ಪೂರ್ತಿ ಅನುವಾದ ಬೇಡ. ಮದುವೆ ಮನೆಯ ಊಟದ ಹಾಲಿನಲ್ಲಿ ಇದೂ ನಡೆಯುವುದಿಲ್ಲ. ನುಣುಪು ಗೋಡೆ, ಸ್ಟೀಲಿನ ಬಕೆಟ್ಟು, ಎಲ್ಲರ ಮುಖ ಎಲೆಯ ಕಡೆ. ಪಂಕ್ತಿಯ ಕೊನೆಯ ಎಲೆ ಹಿಡಿದು, ವಾಸಿ ಇರುವ ಕಿವಿಯನ್ನು ಪಕ್ಕದವರ ಕಡೆ ಇಟ್ಟು, ಮಿಷನ್ನಿನ ಸದ್ದು ಒಂದು ಹಂತ ಇಳಿಸುತ್ತೇನೆ. ಮುಖ್ಯವಾದ ಮಾತೇನಾದರೂ ಇದ್ದರೆ ಕೈ ತೊಳೆದ ಮೇಲೆ ಹೊರಗೆ.

ಫೋನಿನ ಹಳೆಯ ಥರದ ಮಾಮೂಲಿ ಕರೆಗಳು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತವೆ, ಸದ ಬಹುಭಾಗ, ಶದ ಒಂದಷ್ಟು ಅಲ್ಲೇ ಕತ್ತರಿಸಿಹೋಗುತ್ತದೆ. ವಾಟ್ಸಾಪ್ ಕರೆ ಇದಕ್ಕಿಂತ ತಿಳಿ, ವಿಡಿಯೋ ಆದರೆ ತುಟಿಯೂ ಸಿಗುತ್ತದೆ. ಮಾತನ್ನು ಅಕ್ಷರ ಮಾಡಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆಪ್ 2019ರಲ್ಲಿ ಬಂತು, ಅದರಲ್ಲಿ ಕನ್ನಡವೂ ಇದೆ. ಫೋನನ್ನು ಮಾತಾಡುವವರ ಹತ್ತಿರ ಇಡಬೇಕು, ಒಬ್ಬೊಬ್ಬರೇ ಮಾತಾಡಬೇಕು. ಶಾಲೆಯ ಕನ್ನಡಕ್ಕೆ ಒಗ್ಗುತ್ತದೆ, ಹವ್ಯಕ ಮಾತಿಗೆ ಏನೇನೋ ಬರೆಯುತ್ತದೆ. ಅಂಗಡಿ, ಬ್ಯಾಂಕಿಗೆ ಸಾಕು.

ನಮ್ಮ ಮಳೆಗೆ ಮಿಷನ್ನೇ ಥಂಡಿ ಹಿಡಿಯುತ್ತದೆ. ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೌಲ್ಡು, ಅದರ ಕೊಳವೆಯಲ್ಲಿ ಹನಿ ನಿಂತು ಸದ್ದು ಕಡಿಯುತ್ತದೆ. ಮೌಲ್ಡನ್ನು ಬಿಚ್ಚಿ ರಬ್ಬರ್ ಬ್ಲೋವರಿನಿಂದ ಊದಬೇಕು, ಬಾಯಿಂದ ಊದಿದರೆ ಇನ್ನಷ್ಟು ತೇವ. ರಾತ್ರಿ ಸೆಲ್ ತೆಗೆದು, ಸೆಲ್ ಕೂರುವ ಪುಟ್ಟ ಬಾಗಿಲು ತೆರೆದಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮಿಷನ್ನನ್ನು ಮುಚ್ಚಿಡುತ್ತೇನೆ. ಬಚ್ಚಲೊಲೆಯ ಹತ್ತಿರ ಒಣಗಿಸಬಾರದು, ಬಿಸಿಗೆ ಒಳಗಿನ ಭಾಗ ಹಾಳಾಗುತ್ತದೆ. ಸೆಲ್ ಗಾಳಿ ಹೀರಿ ಕೆಲಸ ಮಾಡುವಂಥದ್ದು. ಹೊಸ ಸೆಲ್ಲಿನ ಮೇಲೆ ಅಂಟಿಸಿದ ಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಹೊರಗೆ ಬಿಟ್ಟು ಹಾಕಿದರೆ ಚೆನ್ನಾಗಿ ಬಾಳುತ್ತದೆ. ಪಟ್ಟಿ ಮತ್ತೆ ಅಂಟಿಸಿದರೂ ಉಳಿತಾಯವಿಲ್ಲ. ನನ್ನದು ಕಿತ್ತಳೆ ಬಣ್ಣದ ಪಟ್ಟಿಯ 13 ನಂಬರು. ಮಾತಿನ ನಡುವೆ ಅದು ಮುಗಿದರೆ "ಸೆಲ್ ಹೋಯ್ತು, ಒಂದ್ನಿಮಿಷ" ಅಂತ ಕೈ ಎತ್ತಿ ಎದುರೇ ಬದಲಿಸುತ್ತೇನೆ. ಮುಚ್ಚಿಟ್ಟುಕೊಂಡರೆ ಆ ಒಂದು ನಿಮಿಷದ ಮಾತು ಹೋಗುತ್ತದೆ, ಉಳಿದದ್ದೂ ಅದರ ಹಿಂದೆಯೇ ಹೋಗುತ್ತದೆ.